ಲಾಸ್ಟ್ ನೇಮ್ ಕಡ್ಡಾಯ

ಹೊಸ ಕೆಲಸಕ್ಕೆ ಸೇರಿದವರು ಮೊದಲ ದಿನ ಇಸ್ತ್ರಿ ಅಂಗಿ ತೊಟ್ಟು ಬೆಳಿಗ್ಗೆ ಒಂಬತ್ತಕ್ಕೇ ಹೋಗಿ ಕೂರುತ್ತಾರೆ. ಕೆಲಸವನ್ನು ಮಾತ್ರ ಯಾರೂ ಕೊಡುವುದಿಲ್ಲ. ಒಂದು ಲ್ಯಾಪ್‌ಟಾಪ್ ಕೊಡುತ್ತಾರೆ, ತುಂಬಲು ಒಂದು ಫಾರಂ ಕೊಡುತ್ತಾರೆ. ಎರಡೂ ಕೇಳುವುದು ಒಂದನ್ನೇ: ನಿಮ್ಮ ಹೆಸರೇನು? ಮೂರು ವರ್ಷದ ಮಗು ತಟ್ಟನೆ ಉತ್ತರಿಸುವ ಈ ಪ್ರಶ್ನೆಗೆ ದೊಡ್ಡವರಿಗೆ ಒಂದು ವಾರ ಹಿಡಿಯುವುದುಂಟು.

ಫಾರಂನಲ್ಲಿ ಫಸ್ಟ್ ನೇಮ್, ಲಾಸ್ಟ್ ನೇಮ್ ಎಂದು ಎರಡು ಖಾನೆ. ಎರಡನೆಯದರ ಪಕ್ಕ ಕೆಂಪು ನಕ್ಷತ್ರ, ಅದನ್ನು ತುಂಬದೆ ಮುಂದಿನ ಪುಟ ತೆರೆಯದು. ಹೆಗಡೆ, ಪಾಟೀಲ, ಶೆಟ್ಟಿ, ಕುಲಕರ್ಣಿಗಳು ಇಲ್ಲಿ ನಿಶ್ಚಿಂತೆಯಿಂದ ದಾಟಿಹೋಗುತ್ತಾರೆ. ಸಿಕ್ಕಿಹಾಕಿಕೊಳ್ಳುವವರು ಹಳೇ ಮೈಸೂರು ಕಡೆಯ ಎಚ್. ಕೆ. ಮಂಜುನಾಥರಂಥವರು. ಎಚ್ ಎಂದರೆ ಹೊಸಹಳ್ಳಿ (ಯಾವ ಹೊಸಹಳ್ಳಿ ಎಂದು ಕೇಳಬೇಡಿ, ತಾಲ್ಲೂಕಿಗೊಂದಾದರೂ ಇದೆ), ಕೆ ಎಂದರೆ ಅಪ್ಪ ಕೃಷ್ಣಪ್ಪ. ಮನೆತನದ ಹೆಸರು ಎಂಬುದೇ ಇಲ್ಲ. ಚುಕ್ಕಿ ಇಟ್ಟರೆ ಕಂಪ್ಯೂಟರ್ ಒಪ್ಪದು. ಬರೀ ಕೆ ಎಂದರೆ ‘ಕನಿಷ್ಠ ಎರಡು ಅಕ್ಷರ ಬೇಕು’ ಎನ್ನುತ್ತದೆ. ಹಿಂದೆ ಸರತಿ ನಿಂತಿರುತ್ತದೆ. ‘ಏನೋ ಒಂದು ಹಾಕಿ ಸಾರ್’ ಎಂದು ಎಚ್‌ಆರ್‌ನ ಹುಡುಗಿ ಅವಸರಪಡಿಸುತ್ತಾಳೆ. ಏನೋ ಒಂದು ಎಂದರೆ ಕೃಷ್ಣಪ್ಪ. ಅಲ್ಲಿಗೆ ಕಂಪನಿಯ ಕಡತದಲ್ಲಿ ಅಪ್ಪನೂ ಕೆಲಸಕ್ಕೆ ಸೇರಿದ ಹಾಗಾಯಿತು.

ಅವಸರದಲ್ಲಿ ಬರೆದ ಹೆಸರು ಆಮೇಲೆ ಕಾಡುವ ಜಾಗ ಪಿಎಫ್. ಒಬ್ಬನೇ ಮನುಷ್ಯ ಒಂದೊಂದು ಕಾಗದದಲ್ಲಿ ಒಂದೊಂದು ಥರ ಇರುತ್ತಾನೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ. ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು, ಹಾಗಾಗಿ ಅಲ್ಲಿ ಊರು, ಅಪ್ಪ, ಮಗ ಮೂವರೂ ಸಾಲಾಗಿ ನಿಂತಿರುತ್ತಾರೆ. ಜೊತೆಗೆ ಮಂಜುನಾಥ್ ಎಂದೋ ಮಂಜುನಾಥ ಎಂದೋ ಎಂಬ ನಮ್ಮ ಹಳೆಯ ಗೊಂದಲ. ಇಂಗ್ಲಿಷಿನಲ್ಲಿ ಕೊನೆಗೊಂದು ‘ಎ’ ಇದ್ದರೆ ಒಬ್ಬ, ಇಲ್ಲದಿದ್ದರೆ ಇನ್ನೊಬ್ಬ. ಕರೆಯುವಾಗ ಯಾರಿಗೂ ತಿಳಿಯದ ಈ ವ್ಯತ್ಯಾಸ ದುಡ್ಡು ತೆಗೆಯುವ ದಿನ ಎದ್ದು ಕೂರುತ್ತದೆ.

ಪಿಎಫ್ ಕಚೇರಿ ತಾಳೆ ನೋಡುವುದು ಆಧಾರ್ ಜೊತೆ. ಆದ್ದರಿಂದ ಸೇರುವ ದಿನ ಆಧಾರ್ ಕಾರ್ಡನ್ನು ಕಣ್ಣೆದುರು ಇಟ್ಟುಕೊಂಡು, ಅದರಲ್ಲಿ ಇರುವಂತೆಯೇ ಅಕ್ಷರಕ್ಕೆ ಅಕ್ಷರ, ಖಾಲಿ ಜಾಗಕ್ಕೆ ಖಾಲಿ ಜಾಗ ಸೇರಿಸಿ ಹೆಸರು ಕೊಡುವುದು ಕ್ಷೇಮ. ಹುಟ್ಟಿದ ತಾರೀಖಿಗೂ ಇದೇ ಮಾತು. ಹಿಂದೆ ಎಲ್ಲಾದರೂ ಪಿಎಫ್ ಕಟ್ಟಿದ್ದರೆ 12 ಅಂಕಿಯ ಆ ಹಳೆಯ ಯುಎಎನ್ ಅನ್ನೇ, ಅಂದರೆ ಪಿಎಫ್ ಸದಸ್ಯರ ಗುರುತು ಸಂಖ್ಯೆಯನ್ನೇ, ಸೇರುವಾಗ ತುಂಬುವ ಫಾರಂ 11ರಲ್ಲಿ ಬರೆಯಬೇಕು. ಮರೆತಿದೆ ಎಂದು ಸುಮ್ಮನಾದರೆ ಹೊಸದೊಂದು ನಂಬರ್ ಹುಟ್ಟಿಕೊಂಡು, ಎರಡನ್ನೂ ಒಂದು ಮಾಡುವುದೇ ಒಂದು ಕೆಲಸವಾಗುತ್ತದೆ. ಹಳೆಯ ಕಂಪನಿ ನೀವು ಬಿಟ್ಟ ದಿನಾಂಕ ನಮೂದಿಸಿದೆಯೇ ಎಂದೂ ನೋಡಿಕೊಳ್ಳಿ, ಅದಿಲ್ಲದೆ ಹಳೆಯ ಹಣ ಹೊಸ ಖಾತೆಗೆ ಬಾರದು. ಅವರು ಹಾಕದಿದ್ದರೆ, ಕೊನೆಯ ಕಂತು ಜಮೆಯಾಗಿ ಎರಡು ತಿಂಗಳ ನಂತರ ಪಿಎಫ್ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. ಕೆಲಸ ಬಿಟ್ಟೆನಲ್ಲ ಎಂದು ಪೂರ್ತಿ ಹಣ ಬಿಡಿಸಿಕೊಳ್ಳಲು ಹೊರಡುವವರಿದ್ದಾರೆ. ಒಟ್ಟು ಸೇವೆ ಐದು ವರ್ಷ ತುಂಬುವ ಮೊದಲೇ ತೆಗೆದರೆ ಅದಕ್ಕೆ ತೆರಿಗೆ ಬೀಳುತ್ತದೆ, ವರ್ಗಾಯಿಸಿಕೊಂಡರೆ ಹಳೆಯ ಸೇವೆಯೂ ಎಣಿಕೆಗೆ ಬರುತ್ತದೆ.

ವರ್ಷದ ನಡುವೆ ಕೆಲಸ ಬದಲಿಸಿದವರು ಹಳೆಯ ಸಂಬಳದ ಲೆಕ್ಕವನ್ನೂ ಹೊಸ ಕಂಪನಿಗೆ ಕೊಡಬೇಕು. ಕೊಡದಿದ್ದರೆ ಎರಡೂ ಕಂಪನಿಗಳು ತೆರಿಗೆಯ ವಿನಾಯಿತಿಯನ್ನು ತಲಾ ಒಮ್ಮೊಮ್ಮೆ ಧಾರಾಳವಾಗಿ ಲೆಕ್ಕ ಹಿಡಿದಿರುತ್ತವೆ, ರಿಟರ್ನ್ ಸಲ್ಲಿಸುವಾಗ ಬಾಕಿಯೆಲ್ಲ ಒಟ್ಟಿಗೆ ಎದುರಾಗುತ್ತದೆ. ವೃತ್ತಿ ತೆರಿಗೆಯನ್ನು ತಪ್ಪಿಸಲು ಉಪಾಯವಿಲ್ಲ: ತಿಂಗಳಿಗೆ 25,000 ರೂಪಾಯಿ ಮುಟ್ಟಿದ ಸಂಬಳದಲ್ಲಿ ಕರ್ನಾಟಕ ಸರ್ಕಾರಕ್ಕೆ 200 ರೂಪಾಯಿ, 2025ರ ತಿದ್ದುಪಡಿಯಾದ ಮೇಲೆ ಫೆಬ್ರುವರಿಯಲ್ಲಿ ಮಾತ್ರ 300. ಇಪ್ಪತ್ತೆಂಟೇ ದಿನದ ತಿಂಗಳಿಗೆ ನೂರು ಹೆಚ್ಚೇಕೆ ಎಂದರೆ, ವರ್ಷದ ಮೊತ್ತ ಸರಿಯಾಗಿ 2,500 ಆಗಬೇಕಲ್ಲ!

ಇನ್ನು ಲ್ಯಾಪ್‌ಟಾಪ್. ಹೊಸ ಕೆಲಸಕ್ಕೆ ಕೊಟ್ಟದ್ದು ಹೊಸದೇ ಆಗಿರಬೇಕೆಂದಿಲ್ಲ, ಹಿಂದಿನವರ ಚಹಾದ ಕಲೆ ಕೀಲಿಗಳ ಸಂದಿಯಲ್ಲಿ ಇರಬಹುದು. ಬ್ಯಾಟರಿಯ ವಯಸ್ಸು ತಿಳಿಯಲು ವಿಂಡೋಸ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಸಬಹುದು. ತಯಾರಾದಾಗಿನ ಸಾಮರ್ಥ್ಯ, ಈಗ ತುಂಬುವ ಸಾಮರ್ಥ್ಯ ಎರಡೂ ಅದರಲ್ಲಿ ಅಕ್ಕಪಕ್ಕ ಸಿಗುತ್ತವೆ. 512 ಜಿಬಿ ಎಂದು ಹೇಳಿದ ಡಿಸ್ಕು 476 ಎಂದು ತೋರಿಸಿದರೆ ಮಾತ್ರ ಯಾರ ಮೇಲೂ ಅನುಮಾನ ಬೇಡ. ತಯಾರಿಸಿದವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ. ನಮ್ಮ ಊರುಗಳಲ್ಲಿ ಒಬ್ಬೊಬ್ಬರ ಸೇರಿನ ಅಳತೆ ಒಂದೊಂದು ಇದ್ದಂತೆ.

ಅದರಲ್ಲಿ ಕನ್ನಡ ಬರೆಯಬೇಕಾದವರ ಕಷ್ಟ ಬೇರೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ, ಅಂದರೆ ‘ನುಡಿ’ ತಂತ್ರಾಂಶದಲ್ಲಿ ಪಳಗಿದ ಬೆರಳಿಗೆ ‘ಕನ್ನಡ’ ಎಂದರೆ ಐದು ಕೀಲಿ: ಕೆ, ಎನ್, ಎಫ್, ಎನ್, ಡಬ್ಲ್ಯು. ಎಫ್ ಎಂದರೆ ಒತ್ತು, ಡಬ್ಲ್ಯು ಎಂದರೆ ಡ. ಕಂಪನಿಯ ಯಂತ್ರದಲ್ಲಿ ಹೊರಗಿನ ತಂತ್ರಾಂಶ ಹಾಕಿಕೊಳ್ಳಲು ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ. ಉಳಿಯುವುದು ವಿಂಡೋಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸುವ ದಾರಿ. ಹಾಗೆ ಸೇರಿಸಿದಾಗ ಸಿಗುವುದು ಬೇರೊಂದು ವಿನ್ಯಾಸ, ಇನ್‌ಸ್ಕ್ರಿಪ್ಟ್. ಅದರಲ್ಲಿ ಅದೇ ಐದು ಕೀಲಿ ಒತ್ತಿದರೆ ಪರದೆಯ ಮೇಲೆ ಮೂಡುವುದು ‘ಕಲಿಲೈ’. ಎನ್ ಅಲ್ಲಿ ಲ, ಎಫ್ ಗುಡಿಸು, ಡಬ್ಲ್ಯು ಐತ್ವ. ಮೂವತ್ತು ವರ್ಷ ಟೈಪು ಮಾಡಿದವರಿಗೂ ಯಂತ್ರ ‘ಕಲಿ’ ಎಂದೇ ಶುರು ಮಾಡುತ್ತದೆ. ಕಲಿಯಲು ಮನಸ್ಸಿಲ್ಲದಿದ್ದರೆ ಕನ್ನಡದ ಕೀಬೋರ್ಡ್ ಪಟ್ಟಿಯಲ್ಲೇ, ಉಚ್ಚಾರದಂತೆ ಇಂಗ್ಲಿಷ್ ಅಕ್ಷರ ಒತ್ತಿ ಬರೆಯುವ ಫೊನೆಟಿಕ್ ಕೂಡ ಇದೆ, ಅದನ್ನು ಸೇರಿಸಿಕೊಳ್ಳಬಹುದು.

ಇಂಗ್ಲಿಷಿಗೂ ಕನ್ನಡಕ್ಕೂ ಓಡಾಡಲು ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಬೇಕು. ಎಡವುವುದು ಇಲ್ಲಿಯೇ. ಕನ್ನಡದಲ್ಲಿ ಬರೆಯುತ್ತಿದ್ದವರು ಊಟಕ್ಕೆಂದು ಲಾಕ್ ಮಾಡಿ ಎದ್ದು ಹೋಗುತ್ತಾರೆ. ಬಂದು ಪಾಸ್‌ವರ್ಡ್ ಹೊಡೆದರೆ ತಪ್ಪು. ಇನ್ನೊಮ್ಮೆ ಹೊಡೆದರೂ ತಪ್ಪು. ಕೀಬೋರ್ಡು ಇನ್ನೂ ಕನ್ನಡದಲ್ಲೇ ಇರುತ್ತದೆ, ಕಾಣುವುದು ಬರೀ ಚುಕ್ಕಿಗಳಾದ್ದರಿಂದ ಗೊತ್ತಾಗುವುದಿಲ್ಲ. ಹಟಕ್ಕೆ ಬಿದ್ದು ಮತ್ತೆ ಮತ್ತೆ ಹೊಡೆದರೆ ಖಾತೆಯೇ ಬಂದ್ ಆಗಿ ಐಟಿಯವರ ಮುಂದೆ ನಿಲ್ಲಬೇಕಾಗುತ್ತದೆ. ಒಂದು ಸಲ ತಪ್ಪಾದ ಕೂಡಲೇ ಪರದೆಯ ಬಲಗಡೆ ಕೆಳಮೂಲೆಯ ಭಾಷೆಯ ಗುರುತು ನೋಡಿ.

ಹಳೆಯ ಕೆಲಸದಿಂದ ತಂದ ನುಡಿಯ ಕಡತ ಇಲ್ಲಿ ತೆರೆದರೆ ಇನ್ನೊಂದು ಮೋಜು. ಆ ಕಾಲದ ಅಕ್ಷರಗಳು ಇಂಗ್ಲಿಷಿನ ಸ್ಥಾನಗಳಲ್ಲಿ ಬಾಡಿಗೆಗೆ ಇದ್ದವು. ಫಾಂಟ್ ಇಲ್ಲದಿದ್ದರೆ ಹೊರಬರುವುದು ಮನೆಯ ಯಜಮಾನರು: ‘ಕನ್ನಡ’ ಎಂಬ ಪದದ ನಟ್ಟನಡುವೆ ಬ್ರಿಟಿಷರ ಪೌಂಡಿನ ಚಿಹ್ನೆ ಕೂತಿರುತ್ತದೆ. ಕಡತ ಕೆಟ್ಟಿತೆಂದು ಅಳಿಸಬೇಡಿ, ಈಗ ಎಲ್ಲ ಯಂತ್ರಗಳೂ ಓದುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಪರಿವರ್ತಕದಲ್ಲಿ ಹಾಕಿದರೆ ಸರಿಹೋಗುತ್ತದೆ. ಪರಿವರ್ತನೆಯಾದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನೂ ಇಂಗ್ಲಿಷ್ ಹೆಸರುಗಳನ್ನೂ ಒಮ್ಮೆ ಕಣ್ಣಾಡಿಸಿ ನೋಡಬೇಕು, ಮುಕ್ಕಾಗುವುದು ಅವೇ.

ಯೂನಿಕೋಡ್‌ನಲ್ಲೂ ಹೆಸರಿಗೆ ನೆಮ್ಮದಿಯಿಲ್ಲ. ಸುರೇಶನಿಗೆ ಪತ್ರ ಬರೆಯುವಾಗ ‘ಸುರೇಶ್‌ಗೆ’ ಎಂದು ಬರಲು ಶ್ ಮತ್ತು ಗೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂರಬೇಕು. ಅದು ತಪ್ಪಿದರೆ ‘ಸುರೇಶ್ಗೆ’ ಆಗಿ, ಗಕಾರ ಶಕಾರದ ಕಾಲಿಗೆ ಜೋತುಬೀಳುತ್ತದೆ. ‘ಸಾಫ್ಟ್‌ವೇರ್’ ಆದರೆ ‘ಸಾಫ್ಟ್ವೇರ್’ ಎಂದು ಮಡಿಚಿಕೊಳ್ಳುತ್ತದೆ. ಕಾಣದ ಆ ಅಕ್ಷರವೂ ಲೆಕ್ಕಕ್ಕೆ ಉಂಟು. ಒಬ್ಬರು ಅದನ್ನಿಟ್ಟು ಬರೆದ ಹೆಸರನ್ನು ಇನ್ನೊಬ್ಬರು ಇಡದೆ ಹುಡುಕಿದರೆ ಎಷ್ಟೋ ಕಡೆ ‘ಅಂಥವರು ಯಾರೂ ಇಲ್ಲ’ ಎಂಬ ಉತ್ತರ ಬರುತ್ತದೆ.

ನಮ್ಮ ಮಂಜುನಾಥರದು ಏನಾಯಿತು ಎನ್ನುತ್ತೀರಾ? ಲಾಸ್ಟ್ ನೇಮ್ ಹಿಡಿದು ಕರೆಯುವ ಸಭ್ಯ ಯಂತ್ರ, ಹುಟ್ಟುಹಬ್ಬದ ಬೆಳಿಗ್ಗೆ ತಾನಾಗಿಯೇ ಇಮೇಲ್ ಕಳಿಸುತ್ತದೆ: ‘ಹ್ಯಾಪಿ ಬರ್ತ್‌ಡೇ, ಮಿಸ್ಟರ್ ಕೃಷ್ಣಪ್ಪ’. ಊರಿಗೆ ಫೋನು ಮಾಡಿ ಹೇಳಿದರೆ, ಹುಟ್ಟಿದ ತಾರೀಖೇ ಸರಿಯಾಗಿ ಗೊತ್ತಿಲ್ಲದ ಕೃಷ್ಣಪ್ಪನವರು ‘ಹೌದೇನೋ, ಇವತ್ತಾ?’ ಎನ್ನುತ್ತಾರೆ.