ಮಾವನ ಕಣ್ಣು, ತೋಟದ ಸಾಲ

ಹೋದ ವಾರ ಸೋದರಮಾವ ಫೋನ್ ಮಾಡಿದ್ದರು. ‘ಕಣ್ಣಿಗೆ ಸ್ಟೆಮ್ ಸೆಲ್ ಹಾಕ್ತಾರಂತೆ ಕಣೋ. ಆರು ಲಕ್ಷ. ಅಡಿಕೆ ತೋಟದ ಮೇಲೆ ಸಾಲ ತೆಗೆದ್ರೆ ಆಗುತ್ತೆ.’

ಸ್ಟೆಮ್ ಸೆಲ್ ಅಂದರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲ ಕೋಶ. ಮಾವನಿಗೆ ಇರುವುದು ರೆಟಿನೈಟಿಸ್ ಪಿಗ್ಮೆಂಟೋಸಾ, ಜೀನ್ ದೋಷದಿಂದ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಬೆಳಕಿನ ಪರದೆ, ನಿಧಾನವಾಗಿ ಹಾಳಾಗುವ ರೋಗ. ಇಪ್ಪತ್ತೈದರ ವಯಸ್ಸಿನಲ್ಲಿ ಇರುಳುಗುರುಡಿನಿಂದ ಶುರುವಾಯಿತು. ಈಗ ಎದುರಿಗಿರುವವರ ಮುಖ ಕಾಣುತ್ತದೆ, ಪಕ್ಕದಲ್ಲಿಟ್ಟ ಕಾಫಿ ಲೋಟ ಕಾಣುವುದಿಲ್ಲ. ಸಾಲ ಮಾಡಬೇಡಿ ಮಾವ ಅಂದೆ. ಯಾಕೆ ಅಂತ ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಇಂಥ ಲೆಕ್ಕ ಹಾಕುತ್ತಿರುವ ಮನೆಗಳು ಇನ್ನೂ ಇರುತ್ತವೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ರೆಟಿನಾ ಮಿದುಳಿನದೇ ಒಂದು ತುಂಡು. ಅಲ್ಲಿ ಬೆಳಕು ಹಿಡಿಯುವ ಕೋಶ ಸತ್ತರೆ ನಮಗೆ ಮತ್ತೆ ಹುಟ್ಟುವುದಿಲ್ಲ. ಜೀಬ್ರಾ ಮೀನಿಗೆ ಹುಟ್ಟುತ್ತದೆ. ಹಾಗಾದರೆ ಮಿದುಳಿನ ಸ್ಟೆಮ್ ಸೆಲ್ ತಂದು ಕಣ್ಣಿಗೆ ಹಾಕಿದರೆ? 1990ರ ದಶಕದಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ಜಪಾನಿನ ಕಣ್ಣಿನ ವೈದ್ಯೆ ಮಸಾಯೊ ತಕಹಾಶಿ ಮತ್ತು ಜೊತೆಯವರು ಇಲಿಗಳಲ್ಲಿ ಇದನ್ನು ಮಾಡಿ ನೋಡಿದರು. ಕೋಶಗಳು ರೆಟಿನಾದೊಳಗೆ ಹೋಗಿ ಕೂತವು. ನರಕೋಶದ ಆಕಾರವೂ ಬಂತು. ಬೆಳಕು ಹಿಡಿಯುವ ಕೋಶ ಮಾತ್ರ ಆಗಲಿಲ್ಲ.

ಆಮೇಲಿನ ಕೆಲಸದಲ್ಲಿ ಒಂದು ಚೆಂದದ ಸಂಗತಿ ಸಿಕ್ಕಿತು. ನಮ್ಮ ಕಣ್ಣಿನ ಬೆಳಕು ಹಿಡಿಯುವ ಕೋಶಗಳು ದಿನಾ ತುದಿ ಉದುರಿಸುತ್ತವೆ. ಕೆಳಗಿರುವ ಆರ್‌ಪಿಇ ಎಂಬ ಪದರ ಅದನ್ನು ತಿಂದು ಚೊಕ್ಕ ಮಾಡುತ್ತದೆ. ಒಂದು ಜಾತಿಯ ಇಲಿಗೆ ಈ ಗುಡಿಸುವ ಕೆಲಸ ಬರುವುದಿಲ್ಲ. ಕಸ ತುಂಬಿ ಕಣ್ಣು ಹೋಗುತ್ತದೆ. ಅಂಥ ಇಲಿಗೆ ಎಳೆಯದರಲ್ಲೇ ಮನುಷ್ಯರ ನರದ ಸ್ಟೆಮ್ ಸೆಲ್ ಹಾಕಿದಾಗ ಆ ಹೊಸ ಕೋಶಗಳೇ ಕಸ ತಿಂದವು. ಇಲಿಯ ಸ್ವಂತ ಕೋಶಗಳು ಉಳಿದವು, ನೋಟವೂ ಉಳಿಯಿತು. ಗಮನಿಸಿ, ಹೊಸದು ಹುಟ್ಟಲಿಲ್ಲ, ಇದ್ದದ್ದು ಉಳಿಯಿತು. ನನಗೆ ಜಾಸ್ತಿ ಸಿಟ್ಟು ಬರುವುದು ಇಲ್ಲೇ. ಹಣ ಕೇಳುವವರು ಉಳಿಸುವ ಮಾತು ಆಡುವುದೇ ಇಲ್ಲ, ಹೋದ ಕಣ್ಣು ಬರುತ್ತದೆ ಅನ್ನುತ್ತಾರೆ.

ಇದೇ ಕೋಶಗಳನ್ನು ಮನುಷ್ಯರ ಮೇಲೆ ಪ್ರಯೋಗಿಸಿದ ಅಮೆರಿಕದ ‘ಸ್ಟೆಮ್‌ಸೆಲ್ಸ್’ ಎಂಬ ಕಂಪನಿ 2016ರಲ್ಲಿ ಬಾಗಿಲು ಮುಚ್ಚಿತು. ತಕಹಾಶಿ ಬೇರೆ ದಾರಿ ಹಿಡಿದರು. 2014ರಲ್ಲಿ ಜಪಾನಿನ ಕೋಬೆಯಲ್ಲಿ ಒಬ್ಬ ಅಜ್ಜಿಯ ಚರ್ಮದ ಕೋಶವನ್ನೇ ಸ್ಟೆಮ್ ಸೆಲ್ ಆಗಿ ಬದಲಿಸಿ, ಅದರಿಂದ ಆರ್‌ಪಿಇ ಹಾಳೆ ಬೆಳೆಸಿ ಅವರ ಕಣ್ಣಿಗೆ ಕೂರಿಸಿದರು. ದೃಷ್ಟಿ ಹೆಚ್ಚಲೂ ಇಲ್ಲ, ಇಳಿಯಲೂ ಇಲ್ಲ. ಬೆಂಗಳೂರಿನ ಐಸ್ಟೆಮ್ ಕಂಪನಿ ಕೂಡ ಆರ್‌ಪಿಇ ಕೋಶಗಳನ್ನು ತಯಾರಿಸಿದೆ, ವಯಸ್ಸಾದವರ ಮ್ಯಾಕ್ಯುಲಾ (ರೆಟಿನಾದ ನಡುಭಾಗ) ಸವೆತಕ್ಕೆ. ಈ ನಿಧಾನದ ಕೆಲಸದ ಮೇಲೆ ನನಗೆ ನಂಬಿಕೆ ಇದೆ.

ಆದರೆ ಹಣ ಪಡೆದು ಸ್ಟೆಮ್ ಸೆಲ್ ಹಾಕುವ ಕಡೆ ಏನಾಗಬಹುದು? ಅಮೆರಿಕದ ಫ್ಲೋರಿಡಾದ ಒಂದು ಕ್ಲಿನಿಕ್‌ನಲ್ಲಿ ಏನಾಯಿತು ಅಂತ 2017ರಲ್ಲಿ ವೈದ್ಯರು ವರದಿ ಮಾಡಿದರು. ಮೂವರು ಹೆಂಗಸರು ತಲಾ 5,000 ಡಾಲರ್ ಕೊಟ್ಟಿದ್ದರು. ಅವರದೇ ಕೊಬ್ಬಿನಿಂದ ತೆಗೆದ ಕೋಶಗಳನ್ನು ಎರಡೂ ಕಣ್ಣಿಗೆ ಒಂದೇ ದಿನ ಚುಚ್ಚಿದ್ದರು. ಇದ್ದ ದೃಷ್ಟಿಯೂ ಹೋಯಿತು.

ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಿಯಮವೂ ಸ್ಪಷ್ಟವಾಗಿದೆ. ರೆಟಿನಾಕ್ಕೆ ಸ್ಟೆಮ್ ಸೆಲ್ ಇನ್ನೂ ಪ್ರಯೋಗ. ಪ್ರಯೋಗ ಅಂದ ಮೇಲೆ ರೋಗಿ ಹತ್ತಿರ ಆರು ಲಕ್ಷ ಕೇಳುವುದು ಹೇಗೆ ಸರಿ?

ಸೋಮವಾರ ಮಾವನನ್ನು ರೆಟಿನಾ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ಎಷ್ಟು ಉಳಿದಿದೆ ಅಂತ ನೋಡಿಸಬೇಕು, ಜೀನ್ ಪರೀಕ್ಷೆಗೆ ರಕ್ತ ಕೊಡಬೇಕು. ಅಲ್ಲಿಯವರೆಗೆ ಬ್ಯಾಂಕಿಗೆ ಹೋಗಬೇಡಿ ಅಂದಿದ್ದೇನೆ. ‘ಸರಿ, ನೀನು ಬಾ’ ಅಂದಿದ್ದಾರೆ.