ಚಿಕ್ಕಪ್ಪನ ಕೋವಿಗೆ ಎಲೆಕ್ಷನ್ ರಜೆ

ಎಲೆಕ್ಷನ್ ಡೇಟು ಗೊತ್ತಾಯಿತು ಅಂದರೆ ನಮ್ಮೂರಲ್ಲಿ ಮೊದಲು ಹೊರಬೀಳುವುದು ಪಕ್ಷದ ಬಾವುಟ ಅಲ್ಲ, ಚಿಕ್ಕಪ್ಪನ ಕೋವಿ. ಗೋಡೆಯ ಮೊಳೆಯಿಂದ ಅದನ್ನು ಇಳಿಸಿ, ಕೊಬ್ಬರಿ ಎಣ್ಣೆ ಬಟ್ಟೆಯಿಂದ ಒರೆಸಿ, ಗೊಬ್ಬರದ ಖಾಲಿ ಚೀಲದಲ್ಲಿ ಸುತ್ತಿ, ಬಾಳೆನಾರಿನಿಂದ ಕಟ್ಟುತ್ತಾರೆ. ಆಮೇಲೆ ಬಸ್ಸು ಹತ್ತಿ, ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ಒಯ್ಯುವ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಪೊಲೀಸ್ ಸ್ಟೇಷನ್ನಿಗೆ ಹೋಗುತ್ತಾರೆ, ಎಲೆಕ್ಷನ್ ಮುಗಿಯುವವರೆಗೆ ಡೆಪಾಸಿಟ್ ಇಡಲು.

2024ರ ಲೋಕಸಭೆ ಎಲೆಕ್ಷನ್ನಿನಲ್ಲಿ ನಾನೂ ಜೊತೆಗೆ ಹೋಗಿದ್ದೆ. ಮುಂದೆ ಕ್ಯೂ ಇತ್ತು. ಎಲ್ಲರ ಕೈಯಲ್ಲೂ ಒಂದೊಂದು ಉದ್ದನೆಯ ಗಂಟು. ನಿಂತವರಲ್ಲಿ ಅರವತ್ತರ ಒಳಗಿನವನು ನಾನೊಬ್ಬನೇ ಇರಬೇಕು. ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಕಣ್ಣಿನ ಪೊರೆ. ನಮ್ಮ ಭಾಗದ ಶಾಂತಿಯನ್ನು ಕದಡಬಹುದಾದ ಸಶಸ್ತ್ರ ಪಡೆ ಅಂದರೆ ಇದೇ.

ಕಾನ್‌ಸ್ಟೇಬಲ್ ಚೀಲ ಬಿಚ್ಚಿದರು. ರಟ್ಟಿನ ಚೂರಿನ ಮೇಲೆ ನಂಬರು ಬರೆದು, ದಾರ ಪೋಣಿಸಿ, ಕೋವಿಯ ಕುದುರೆ ಕೀಲಿಗೆ ಕಟ್ಟಿದರು.

‘ಇದು ಈಡು ಹಾರುತ್ತಾ ಗೌಡ್ರೇ?’

‘ಹಾರುತ್ತೆ ಸ್ವಾಮಿ. ಕೇಪಿನ ಕೋವಿ. ಮದ್ದು ತುಂಬಿ, ಗಜ ಹಾಕಿ ಜಡಿದು, ಕೇಪು ಇಡೋಕೆ ಮೂರು ನಿಮಿಷ ಬೇಕು. ಅಷ್ಟರಲ್ಲಿ ಹಂದಿ ಪಕ್ಕದ ತೋಟದಲ್ಲಿರುತ್ತೆ.’

ಇಂಥ ಕೋವಿ ಹಿಡಿದು ಬೂತ್ ವಶಪಡಿಸಿಕೊಳ್ಳಬೇಕು ಅಂದರೆ ಬೂತಿನವರು ಮೂರು ನಿಮಿಷ ಸುಮ್ನೆ ನಿಂತು ಸಹಕರಿಸಬೇಕು. ಎರಡನೇ ಈಡಿಗೆ ಮತ್ತೆ ಮೂರು ನಿಮಿಷ. ನಡುವೆ ಒಂದು ಟೀ ಕುಡಿಯಬಹುದು.

ಆದರೂ ರೂಲ್ಸ್ ಅಂದರೆ ರೂಲ್ಸ್. ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು. ನಮ್ಮ ಕಡೆ ಏಪ್ರಿಲ್ 26ಕ್ಕೆ ಮತದಾನ. ರಿಸಲ್ಟ್ ಬರೋದು ಜೂನ್ 4ಕ್ಕೆ. ಅದಾಗಿ ಇನ್ನೊಂದು ವಾರ ಕಳೆದ ಮೇಲೆ ಕೋವಿ ವಾಪಸ್. ಸುಮಾರು ಮೂರು ತಿಂಗಳು ತೋಟಕ್ಕೆ ಯಜಮಾನರು ಮಂಗಗಳು ಮತ್ತು ಹಂದಿಗಳು. ಅವುಗಳಿಗೆ ನೀತಿ ಸಂಹಿತೆ ಅನ್ವಯಿಸುವುದಿಲ್ಲ. ಇನ್ನು ಊರಿಗೆ ರಾತ್ರಿ ಜೀಪಿನಲ್ಲಿ ಇನ್ನೊಂದು ‘ಗುಂಡು’ ಬರುತ್ತದಲ್ಲ, ಅದಕ್ಕೂ ಅನ್ವಯಿಸುವುದಿಲ್ಲ ಬಿಡಿ. ಕೋವಿಯ ಗುಂಡು ಸ್ಟೇಷನ್ನಿಗೆ ಹೋದ ವಾರವೇ ಬಾಟಲಿಯ ಗುಂಡು ಮನೆ ಬಾಗಿಲಿಗೆ ಬರುತ್ತದೆ.

ರಸೀದಿ ಇಸಿದುಕೊಂಡು ಎದುರಿನ ಹೋಟೆಲಿಗೆ ಹೋದೆವು. ಅಲ್ಲಿ ಬಿದ್ದಿದ್ದ ಪೇಪರಿನಲ್ಲಿ ಒಂದು ಫೋಟೋ. ಇಂಥ ಫೋಟೋ ನೀವೂ ನೋಡಿರುತ್ತೀರಿ. ಮೇಜಿನ ಮೇಲೆ ಬಿಳಿ ಬಟ್ಟೆ. ಅದರ ಮೇಲೆ ಗೌರಿ ಹಬ್ಬದ ಬಾಗಿನದ ಹಾಗೆ ಸಾಲಾಗಿ ಜೋಡಿಸಿದ ಕಂಟ್ರಿ ಪಿಸ್ತೂಲುಗಳು. ಹಿಂದೆ ಅಧಿಕಾರಿಗಳು, ಅವರ ಹಿಂದೆ ಮುಖಕ್ಕೆ ಬಟ್ಟೆ ಮುಚ್ಚಿದ ಹುಡುಗರು. ಕೆಳಗೆ ‘ಇಷ್ಟು ಪಿಸ್ತೂಲು, ಇಷ್ಟು ಜೀವಂತ ಗುಂಡು ವಶ’ ಅಂತ ಬರೆದಿರುತ್ತದೆ. ನಮ್ಮ ಪತ್ರಿಕೆಗಳು ಯಾವಾಗಲೂ ‘ಜೀವಂತ ಗುಂಡು’ ಅಂತಲೇ ಬರೆಯುವುದು. ಯಾರೋ ಹಾಲು ಹಾಕಿ ಸಾಕಿದ ಹಾಗೆ.

ಚಿಕ್ಕಪ್ಪ ಕನ್ನಡಕ ಏರಿಸಿ ಫೋಟೋ ನೋಡಿದರು. ‘ಇವರು ಯಾವ ಸ್ಟೇಷನ್ನಿಂದ ಲೈಸೆನ್ಸ್ ತಗೊಂಡಿದ್ದರಂತೆ?’ ಅಂತ ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ಐವತ್ತು ವರ್ಷದಿಂದ ರಿನ್ಯೂವಲ್ ಮಾಡಿಸುತ್ತಾ ಬಂದ ಮನುಷ್ಯ, ಬೇರೆ ದಾರಿಯೂ ಇದೆ ಅಂತ ಅವರಿಗೆ ತಲೆಗೇ ಹೋಗುವುದಿಲ್ಲ.

ಬೇರೆ ದಾರಿ ರಾಜಮಾರ್ಗದಂತೆಯೇ ಇದೆ. ಒಂದು ಬಿಹಾರದ ಮುಂಗೇರ್‌ನಿಂದ ಬರುತ್ತದೆ. ಬಂಗಾಳದ ನವಾಬ ಮೀರ್ ಕಾಸಿಂ 1762ರಲ್ಲಿ ಮುರ್ಷಿದಾಬಾದಿನಿಂದ ರಾಜಧಾನಿಯನ್ನು ಅಲ್ಲಿಗೆ ಒಯ್ದು, ಈಸ್ಟ್ ಇಂಡಿಯಾ ಕಂಪನಿಯವರ ಜೊತೆ ಹೋರಾಡಲು ಬಂದೂಕು ಮಾಡಿಸಿದ. ನವಾಬ ಹೋದ, ಕಂಪನಿಯೂ ಹೋಯಿತು, ಕೈಕಸುಬು ಉಳಿಯಿತು. ಅಲ್ಲಿ ಲೈಸೆನ್ಸ್ ಇರುವ ಕಾರ್ಖಾನೆಗಳಿವೆ. ಅವಕ್ಕೆ ಆರ್ಡರು ಇಳಿದ ಹಾಗೆಲ್ಲ ಕುಶಲಕರ್ಮಿಗಳು ಮನೆಯ ಹಿತ್ತಲಿಗೆ ಬಂದರು. ಇನ್ನೊಂದು ದಾರಿ ಮಧ್ಯಪ್ರದೇಶದ ಖರ್ಗೋನ್, ಬಡವಾನಿ, ಧಾರ್ ಕಡೆಯದು. ಅಲ್ಲಿನ ಕುಲುಮೆಗಳಲ್ಲಿ ತಯಾರಾದದ್ದು ಮಹಾರಾಷ್ಟ್ರ ದಾಟಿ ವಿಜಯಪುರ, ಕಲಬುರಗಿಗೆ ಇಳಿಯುತ್ತದೆ. ಭೀಮಾ ತೀರದ ಹಳೇ ದ್ವೇಷಗಳಿಗೆ ಒಂದಷ್ಟು ಅಲ್ಲೇ ಖರ್ಚಾಗುತ್ತದೆ, ಉಳಿದದ್ದು ಬೆಂಗಳೂರಿನ ಕಡೆ ಬಸ್ಸು ಹತ್ತುತ್ತದೆ. ಒಂದು ಒಳ್ಳೇ ಮೊಬೈಲಿನ ರೇಟು. ಸರ್ಟಿಫಿಕೇಟ್ ಬೇಡ, ಮಹಜರು ಬೇಡ, ಆಧಾರೂ ಬೇಡ. ಸಿಮ್ ಕಾರ್ಡಿಗೆ ಬೆರಳಚ್ಚು ಕೇಳುವ ದೇಶದಲ್ಲಿ ಇದೊಂದೇ ನಂಬಿಕೆಯ ಮೇಲೆ ನಡೆಯುವ ವ್ಯಾಪಾರ.

ಸಿಕ್ಕಿಬಿದ್ದ ಪಿಸ್ತೂಲುಗಳಲ್ಲಿ ಎಷ್ಟೋ ಕಡೆ ‘ಮೇಡ್ ಇನ್ ಯುಎಸ್‌ಎ’ ಅಂತ ಕೊರೆದಿರುತ್ತದೆ. ಕಬ್ಬಿಣ ಗುಜರಿಯದು, ಬೆವರು ಖರ್ಗೋನಿನದು, ಹೆಸರು ಮಾತ್ರ ಅಮೆರಿಕದ್ದು. ಕೇಂದ್ರ ಸರ್ಕಾರ 2014ರಿಂದ ಮೇಕ್ ಇನ್ ಇಂಡಿಯಾ ಅಂತ ಸಿಂಹದ ಚಿತ್ರ ಹಾಕಿ ಕೂಗುತ್ತಿದೆ. ಒಂದು ರೂಪಾಯಿ ಸಬ್ಸಿಡಿ ಇಲ್ಲದೆ ಆ ಕೆಲಸ ಮಾಡುತ್ತಿರುವ ಇವರಿಗೆ ಮಾತ್ರ ಸ್ವದೇಶಿ ಅಂತ ಹೇಳಿಕೊಳ್ಳಲು ನಾಚಿಕೆ.

ದೇಶದಲ್ಲಿ ಬಂದೂಕಿನಿಂದ ಆಗುವ ಕೊಲೆಗಳಲ್ಲಿ ಬಹುಪಾಲು ಲೈಸೆನ್ಸ್ ಇಲ್ಲದ ಆಯುಧದ್ದೇ ಕೆಲಸ ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ (ಎನ್‌ಸಿಆರ್‌ಬಿ) ಅಂಕಿಗಳೇ ಹೇಳುತ್ತಾ ಬಂದಿವೆ. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರ ಮನೆ ಬಾಗಿಲಲ್ಲಿ, 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಮನೆ ಮುಂದೆ ಹಾರಿದ್ದು 7.65 ಎಂಎಂ ನಾಡ ಪಿಸ್ತೂಲಿನ ಗುಂಡು. ಅದು ಯಾವ ಸ್ಟೇಷನ್ನಿನಲ್ಲೂ ಡೆಪಾಸಿಟ್ ಆಗಿರಲಿಲ್ಲ.

ಹಾಗಾದರೆ ಸರ್ಕಾರ ಸುಮ್ನೆ ಕೂತಿತ್ತಾ? ಇಲ್ಲ. 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆ ತಿದ್ದಿದರು. ಅಕ್ರಮ ತಯಾರಿಕೆಗೆ ಜೀವಾವಧಿವರೆಗೂ ಶಿಕ್ಷೆ ಅಂದರು. ಅದು ಸರಿ. ಜೊತೆಗೆ ಲೈಸೆನ್ಸ್ ಇದ್ದವರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು, ಇನ್ನು ಎರಡೇ, ಮೂರನೆಯದನ್ನು ಒಪ್ಪಿಸಿ ಅಂದರು. ಅಜ್ಜನದು, ಅಪ್ಪನದು, ತನ್ನದು ಅಂತ ಇಟ್ಟುಕೊಂಡ ಪ್ಲಾಂಟರುಗಳು ಯಾವುದನ್ನು ಬಿಡಲಿ ಅಂತ ಒದ್ದಾಡಿದರು. ಯಾವ ರೌಡಿ ಶೀಟರೂ ‘ಸಾರ್, ನನ್ನ ಹತ್ರ ನಾಲ್ಕಿದೆ, ಎರಡು ಜಾಸ್ತಿ ಆಯ್ತು’ ಅಂತ ಬಂದದ್ದು ನಾನು ಕೇಳಿಲ್ಲ.

ಚಿಕ್ಕಪ್ಪನ ಅಳಿಯ ಬೆಂಗಳೂರಿನಲ್ಲಿ ರಿಯಲ್ ಎಸ್ಟೇಟ್ ಮಾಡುತ್ತಾನೆ. ಈ ಲೆಕ್ಕಾಚಾರ ಕೇಳಿ ಅವನಿಗೆ ಜ್ಞಾನೋದಯವಾಯಿತು. ‘ನೋಡಿ ಮಾವ, ಅವರ ಹತ್ರ ಪಿಸ್ತೂಲಿದ್ದರೆ ನಮ್ಮ ಹತ್ರಾನೂ ಇರಬೇಕು. ಆತ್ಮರಕ್ಷಣೆ.’ ಅರ್ಜಿ ಹಾಕಿದ. ತರಬೇತಿ ಸರ್ಟಿಫಿಕೇಟು, ದೇಹ ಮನಸ್ಸು ಎರಡೂ ಸರಿ ಇದೆ ಅಂತ ಡಾಕ್ಟರ ಕಾಗದ, ಪೊಲೀಸ್ ರಿಪೋರ್ಟು. ಎಲ್ಲಕ್ಕಿಂತ ಮುಖ್ಯ ಪ್ರಶ್ನೆ: ‘ನಿಮಗೆ ಬೆದರಿಕೆ ಇದೆ ಅನ್ನೋದಕ್ಕೆ ಪುರಾವೆ ಏನು? ಕಂಪ್ಲೇಂಟ್ ಇದೆಯಾ? ಎಫ್‌ಐಆರ್ ಕಾಪಿ?’ ಯಾರೂ ಬೆದರಿಸಿರಲಿಲ್ಲ. ಒಂದು ಸಲ ಗುಂಡೇಟು ತಿಂದು ಬಂದರೆ ಫೈಲು ಬೇಗ ಓಡುತ್ತದೆ ಅಂತ ಅವನಿಗೆ ಅರ್ಥವಾಯಿತು.

ನನಗೆ ಅವನ ಮೇಲೂ ಅಷ್ಟೇನೂ ಕನಿಕರವಿಲ್ಲ. ಪಿಸ್ತೂಲು ಸಿಕ್ಕಿದ್ದರೆ ಅದು ಸೊಂಟದಲ್ಲಿ ಇರುತ್ತಿತ್ತು, ಸೈಟು ತೋರಿಸುವಾಗ ಶರ್ಟು ಸ್ವಲ್ಪ ಮೇಲೆ ಸರಿಯುತ್ತಿತ್ತು, ಅಷ್ಟೇ. ನಮ್ಮಲ್ಲಿ ಹೊಡೆಯುವವರು ‘ರೆಡಿನಾ?’ ಅಂತ ಕೇಳಿ ಹೊಡೆಯುವುದಿಲ್ಲ. ಟೀ ಅಂಗಡಿಯ ಮುಂದೆ ಹಿಂದಿನಿಂದ ಬರುತ್ತಾರೆ, ಮುಖಕ್ಕೆ ಖಾರದ ಪುಡಿ ಎರಚುತ್ತಾರೆ, ಆಮೇಲೆ ಲಾಂಗು. ಪಿಸ್ತೂಲು ಇಟ್ಟುಕೊಂಡೇ ಸತ್ತ ರೌಡಿಗಳಿದ್ದಾರೆ. ಇನ್ನು ಮನೆಯ ಬೀರುವಿನಲ್ಲಿ ಇಟ್ಟ ಪಿಸ್ತೂಲನ್ನು ಕಳ್ಳ ಒಡವೆಯ ಜೊತೆ ಎತ್ತಿಕೊಂಡು ಹೋದರೆ, ಅದು ಯಾರ ಆತ್ಮವನ್ನು ರಕ್ಷಿಸಲು ಹೋಯಿತು ಅಂತ ಕೇಳಬೇಡಿ.

ಬಂದೂಕು ಜಾಸ್ತಿ ಆದರೆ ಗ್ಯಾಂಗೂ ಜಾಸ್ತಿ ಅನ್ನುವ ಸೂತ್ರವೂ ಮಡಿಕೇರಿ ಘಾಟಿ ಹತ್ತುವಾಗ ಉಸಿರು ಬಿಡುತ್ತದೆ. ಕೊಡವರಿಗೆ 1861ರಿಂದ ಲೈಸೆನ್ಸಿನ ವಿನಾಯಿತಿ ಇದೆ, ಈಗ ಅದು 2029ರವರೆಗೆ. ಕೈಲ್‌ಪೊಳ್ದ್ ಹಬ್ಬಕ್ಕೆ ತೋಕಿಗೆ, ಅಂದರೆ ಕೋವಿಗೆ, ಹೂವಿಟ್ಟು ಪೂಜೆ ಮಾಡುತ್ತಾರೆ. ಅಲ್ಲಿ ಕೋವಿ ಮನೆಯ ಹಿರಿಯನ ಹಾಗೆ.

ಅಂದಹಾಗೆ, ಆತ್ಮರಕ್ಷಣೆ ಅನ್ನುವ ಪದ ನಮ್ಮ ಪೇಪರಿನಲ್ಲಿ ಹೆಚ್ಚಾಗಿ ಕಾಣುವುದು ಒಂದೇ ವಾಕ್ಯದಲ್ಲಿ. ‘ಸ್ಥಳ ಮಹಜರಿಗೆ ಕರೆದೊಯ್ದಾಗ ಆರೋಪಿ ಹಲ್ಲೆ ನಡೆಸಿ ಪರಾರಿಯಾಗಲು ಯತ್ನಿಸಿದ್ದು, ಆತ್ಮರಕ್ಷಣೆಗಾಗಿ ಇನ್‌ಸ್ಪೆಕ್ಟರ್ ಕಾಲಿಗೆ ಗುಂಡು ಹಾರಿಸಿದರು.’ ಆರೋಪಿಯ ಹೆಸರು ಬದಲಾಗುತ್ತದೆ, ವಾಕ್ಯ ಬದಲಾಗುವುದಿಲ್ಲ. ಬೆಳಗಿನ ಜಾವ, ನಿರ್ಜನ ಪ್ರದೇಶ, ಮೊದಲು ಗಾಳಿಯಲ್ಲಿ ಒಂದು. ಮಹಜರಿಗೆ ಹೋಗುವುದಿಲ್ಲ ಅಂತ ಅಲ್ಲೇ ಕೂತು ಅಳುವ ಆರೋಪಿಗಳೂ ಇರಬಹುದು. ಆದರೆ ಆ ಪಿಸ್ತೂಲು ಅವನ ಕೈಗೆ ಕೊಟ್ಟವನು ಯಾರು, ಅವನಿಗೆ ಕೊಟ್ಟವನು ಯಾರು ಅಂತ ಹುಡುಕುತ್ತಾ ಹೋದ ಮಹಜರು ಖರ್ಗೋನ್ ಮುಟ್ಟುವುದು ಅಪರೂಪ. ಅಷ್ಟು ದೂರಕ್ಕೆ ಕಾಲು ಬೇಕಲ್ಲ.

ಜೂನ್ ಎರಡನೇ ವಾರ ಮತ್ತೆ ಸ್ಟೇಷನ್ನಿಗೆ ಹೋದೆವು. ಮಳೆ ಹಿಡಿದಿತ್ತು. ಕೋವಿ ಮೂಲೆಯಲ್ಲಿ ಒರಗಿತ್ತು, ನಳಿಗೆಯ ಬಾಯಲ್ಲಿ ಜೇಡ ಮನೆ ಮಾಡಿತ್ತು, ಕುದುರೆಯ ಮೇಲೆ ಕೆಂಪಗೆ ತುಕ್ಕು. ಚಿಕ್ಕಪ್ಪ ಏನೂ ಅನ್ನಲಿಲ್ಲ. ಪಂಚೆಯ ತುದಿಯಲ್ಲಿ ಒರೆಸಿದರು, ರಿಜಿಸ್ಟರಿನಲ್ಲಿ ಸಹಿ ಹಾಕಿದರು. ಆ ವರ್ಷ ಹಂದಿಗಳು ಬಾಳೆಯನ್ನೆಲ್ಲ ಮುಗಿಸಿದ್ದವು, ರಕ್ಷಿಸಲು ಇನ್ನೇನೂ ಉಳಿದಿರಲಿಲ್ಲ. ಹೊರಗೆ ಬಂದು ಗೊಬ್ಬರದ ಚೀಲವನ್ನು ಕಸದ ಡಬ್ಬಿಗೆ ಹಾಕಲು ಕೈ ಎತ್ತಿದರು. ಕಾನ್‌ಸ್ಟೇಬಲ್ ಕಿಟಕಿಯಿಂದಲೇ ಕೂಗಿದರು:

‘ಗೌಡ್ರೇ, ಚೀಲ ಬಿಸಾಕಬೇಡಿ. ಜಿಲ್ಲಾ ಪಂಚಾಯ್ತಿ ಎಲೆಕ್ಷನ್ ಇನ್ನೂ ಬಾಕಿ ಇದೆ.’