ಹಳೇ ಚೀಟಿಗಳನ್ನೂ ಜೊತೆಗೆ ಒಯ್ಯಿರಿ

ನೋಡುತ್ತಿರುವ ಡಾಕ್ಟರ್ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಮಗುವನ್ನು ಇನ್ನೊಬ್ಬ ಡಾಕ್ಟರಿಗೆ ತೋರಿಸದೆ ಇರಬೇಡಿ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾವು ಹಾಗೆ ಹಿಂಜರಿದೇ ಒಂದೂವರೆ ವರ್ಷ ಕಳೆದೆವು.

ಮಗನಿಗೆ ಆಗ ಆರು ವರ್ಷ. ತಿಂಗಳಿಗೊಮ್ಮೆ ಕೆಮ್ಮು, ಪ್ರತಿ ಸಲವೂ ಆಂಟಿಬಯೋಟಿಕ್ ಸಿರಪ್. ಫ್ರಿಜ್ ಬಾಗಿಲಲ್ಲಿ ಅರ್ಧ ಖಾಲಿಯಾದ ಬಾಟಲಿಗಳು ಸಾಲಾಗಿ ನಿಂತಿರುತ್ತಿದ್ದವು. ಅತ್ತೆಯ ದೊಡ್ಡಪತ್ರೆ ರಸವೂ ಆಯಿತು. ಕೊನೆಗೆ ಬೇರೆ ಮಕ್ಕಳ ಡಾಕ್ಟರ್ ಹತ್ತಿರ ಹೋದಾಗ, ಅವರು ಸ್ಟೆತಸ್ಕೋಪ್ ಇಡುವ ಮೊದಲೇ ಕೇಳಿದ್ದು ಎರಡು ಮಾತು: "ರಾತ್ರಿ ಕೆಮ್ಮು ಜಾಸ್ತಿನಾ? ಓಡಿದ್ರೆ ಬರುತ್ತಾ?" ಎರಡಕ್ಕೂ ಹೌದು ಅಂದೆ. ಪರೀಕ್ಷೆ ಮಾಡಿ ಆಸ್ತಮಾ ಅಂದರು. ಅದಕ್ಕೆ ಆಂಟಿಬಯೋಟಿಕ್ ಕೊಟ್ಟು ಪ್ರಯೋಜನವೇ ಇಲ್ಲವಂತೆ.

ಇನ್‌ಹೇಲರ್ ಅಂದ ಕೂಡಲೇ ಮನೆಯಲ್ಲಿ ಗಲಾಟೆ. "ಅಭ್ಯಾಸ ಆಗಿಬಿಡುತ್ತೆ" ಅಂತ ಅಮ್ಮ. ಹಾಗೇನೂ ಇಲ್ಲ. ಔಷಧಿ ನೇರವಾಗಿ ಶ್ವಾಸಕೋಶಕ್ಕೆ ಹೋಗುವುದರಿಂದ ತುಂಬಾ ಕಡಿಮೆ ಪ್ರಮಾಣ ಸಾಕು. ಇನ್‌ಹೇಲರ್‌ಗೆ ಜೋಡಿಸುವ ಸ್ಪೇಸರ್ ಎಂಬ ಕೊಳವೆಯಲ್ಲಿ ಉಸಿರೆಳೆಯುವುದು ಮಗನಿಗೆ ಈಗ ಹಲ್ಲುಜ್ಜಿದಷ್ಟೇ ಸಲೀಸು.

ಒಂದು ಮಾತು ಸೇರಿಸುತ್ತೇನೆ. ಹಳೇ ಚೀಟಿ, ಎಕ್ಸ್‌ರೇ, ರಕ್ತಪರೀಕ್ಷೆ ಎಲ್ಲಾ ಒಯ್ಯಿರಿ, ಇಲ್ಲದಿದ್ದರೆ ಸುಮ್ನೆ ಮತ್ತೆ ಸೂಜಿ ಚುಚ್ಚಿಸಬೇಕು. ಆಸ್ಪತ್ರೆಯವರು ಕೊಡದಿದ್ದರೆ ಬರೆದು ಕೇಳಿ. 72 ಗಂಟೆಯೊಳಗೆ ಕೊಡಬೇಕು ಅಂತ ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮದಲ್ಲೇ ಇದೆ. ರಾತ್ರಿ ಕೆಮ್ಮುವಾಗ ಮೊಬೈಲಲ್ಲಿ ವಿಡಿಯೋ ಮಾಡಿಕೊಳ್ಳಿ. ಡಾಕ್ಟರ್ ಮುಂದೆ ಕೂತಾಗ ಮಕ್ಕಳು ಕೆಮ್ಮುವುದೇ ಇಲ್ಲ!

ಹಳೇ ಡಾಕ್ಟರ್ ಮೇಲೆ ಕೋಪವಿಲ್ಲ. ಜ್ವರ ಬಂದರೆ ಈಗಲೂ ಅವರ ಹತ್ತಿರವೇ ಹೋಗುತ್ತೇವೆ. ಮನೆಗೆ ಹತ್ತಿರ ಅಲ್ವಾ.